ಕೆಚ್ಚಲಿನಿಂದ ಬಾಟಲಿಗೆ: ಕರುವಿನ ಪಾಲು ಇನ್ನು ನಿಮ್ಮ ಕೈಯಲ್ಲಿ



ಕಳೆದ ಚಳಿಗಾಲದ ಒಂದು ಬೆಳಗಿನ ಜಾವ ಅಂಬಾಜಿದುರ್ಗ ಹೋಬಳಿಯ ಒಂದು ಹಳ್ಳಿಯಿಂದ ಫೋನ್ ಬಂತು. "ಡಾಕ್ಟ್ರಮ್ಮ, ಕಡಸು ಈದೈತೆ. ಹೆಣ್ಣು ಕರ. ಆದ್ರೆ ಕರ ಹತ್ರ ಬಂದ್ರೆ ಒದೀತದೆ. ಬಾಟ್ಲೀಲಿ ಕುಡಿಸ್ಬೇಕು ಅಂದಿದ್ರಲ್ಲ, ಎಷ್ಟು ಕುಡಿಸ್ಲಿ?" ಎಂದು ಆ ಅಕ್ಕ ಕೇಳಿದರು. ನಾನು ಕೇಳಿದ ಮೊದಲ ಪ್ರಶ್ನೆ, "ಈದು ಎಷ್ಟು ಹೊತ್ತಾಯ್ತು?" "ಅರ್ಧ ಗಂಟೆ" ಎಂದರು. ನನಗೆ ಉಸಿರು ಬಂದ ಹಾಗಾಯಿತು.

ಯಾಕೆಂದರೆ ಹಿಂದಿನ ವರ್ಷ ಅದೇ ಕೊಟ್ಟಿಗೆಯಲ್ಲಿ ಒಂದು ಹೆಣ್ಣು ಕರು ನಾಲ್ಕನೇ ದಿನಕ್ಕೆ ಬೇಧಿಯಿಂದ ಸತ್ತಿತ್ತು. ಸತ್ತೆ ಬೀಳುವವರೆಗೆ ಹಾಲು ಕರೆಯಬಾರದು ಎಂದು ಮನೆಯ ಹಿರಿಯರು ಹೇಳಿದ್ದರು. ಸತ್ತೆ ಬೀಳಲು ಎಂಟು ಗಂಟೆಯಾಯಿತು. ಅಷ್ಟು ಹೊತ್ತೂ ಕರುವಿನ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ನಾನು ಹೋಗುವ ಹೊತ್ತಿಗೆ ಅದರ ಕಣ್ಣು ಒಳಕ್ಕೆ ಹೋಗಿತ್ತು, ಕಿವಿ ತಣ್ಣಗಾಗಿತ್ತು. ಸಲೈನ್ ಹಾಕಿದೆ. ಉಳಿಯಲಿಲ್ಲ.

ಈ ಸಲ ಕರು ಉಳಿಯಿತು. ಈಗ ಅದು ಹಗ್ಗ ಕಿತ್ತುಕೊಂಡು ಹಿಪ್ಪುನೇರಳೆ ತೋಟಕ್ಕೆ ನುಗ್ಗುತ್ತದೆ ಎಂದು ದೂರು ಹೇಳುತ್ತಾರೆ. ಆ ಬೆಳಿಗ್ಗೆ ಫೋನಿನಲ್ಲಿ ಹೇಳಿದ್ದನ್ನೂ ಆಮೇಲೆ ಕೊಟ್ಟಿಗೆಯಲ್ಲಿ ನಿಂತು ತೋರಿಸಿದ್ದನ್ನೂ ಇಲ್ಲಿ ಎಲ್ಲರಿಗೂ ಬರೆಯುತ್ತಿದ್ದೇನೆ. ತಾಯಿಯ ಕೆಚ್ಚಲಿಗೆ ಬಿಡುವುದನ್ನು ನಿಲ್ಲಿಸಿ, ಹಾಲು ಕರೆದು ಬಾಟಲಿಯಲ್ಲೋ ಬಕೆಟ್ಟಿನಲ್ಲೋ ಕುಡಿಸಲು ಹೊರಟಿರುವ ಮನೆಗಳು ನಮ್ಮ ಹೋಬಳಿಯಲ್ಲಿ ಹೆಚ್ಚುತ್ತಿವೆ. ಹಾಲು ಕರೆಯುವ ಯಂತ್ರ ತಂದವರಿಗಂತೂ ಇದು ಬೇಕೇ ಬೇಕು. ಆದರೆ ಅರ್ಧ ತಿಳಿದು ಮಾಡಿದರೆ ಮೊದಲು ಹೋಗುವುದು ಕರುವಿನ ಪ್ರಾಣ.

ಎಲ್ಲರೂ ಬದಲಾಯಿಸಬೇಕಿಲ್ಲ

ಕರುವನ್ನು ತಾಯಿಯಿಂದ ಬಿಡಿಸುವುದು ಪಾಪ ಎಂದು ಅನೇಕರು ನನಗೆ ಹೇಳಿದ್ದಾರೆ. ಬಿಡಿಸದೇ ಇರುವುದು ಹಿಂದುಳಿದವರ ಕೆಲಸ ಎಂದು ಹೇಳಿದವರೂ ಇದ್ದಾರೆ. ಎರಡನ್ನೂ ಪಕ್ಕಕ್ಕಿಟ್ಟು ನಿಮ್ಮ ಹಸುವನ್ನು ನೋಡಿ.

ಹಳ್ಳಿಕಾರ್‌ನಂಥ ನಾಟಿ ಹಸು ಕರು ಬಾಯಿ ಹಾಕದೆ ತೊರೆ ಬಿಡುವುದು ಕಷ್ಟ. ಅದರ ಸ್ವಭಾವವೇ ಹಾಗೆ. ಅಲ್ಲಿ ಬಾಟಲಿಯ ಮಾತು ಬೇಡ. ಎಚ್.ಎಫ್. ಅಥವಾ ಜರ್ಸಿ ಮಿಶ್ರತಳಿಯೇ ಆದರೂ ಮೂರು ನಾಲ್ಕು ಸೂಲು ಕರು ಬಿಟ್ಟೇ ಕರೆಸಿಕೊಂಡ ಹಸುವಿಗೆ ಈಗ ಏಕಾಏಕಿ ಕರು ಕಾಣದಂತೆ ಮಾಡಿದರೆ ಹಾಲು ಇಳಿಸದೆ ಕಟ್ಟಿಕೊಳ್ಳುತ್ತದೆ. ಕೆಚ್ಚಲಲ್ಲಿ ಹಾಲು ಉಳಿದರೆ ಕೆಚ್ಚಲು ಬಾವಿಗೂ ದಾರಿ. ಅಂಥ ಹಸುವನ್ನು ಅದರ ಅಭ್ಯಾಸಕ್ಕೇ ಬಿಡಿ.

ಬದಲಾಯಿಸಲು ಒಳ್ಳೆಯ ಸಮಯ ಕಡಸಿನ ಮೊದಲ ಸೂಲು. ಅದಕ್ಕೆ ಹಳೆಯ ಅಭ್ಯಾಸವಿಲ್ಲ. ಈಯುವ ಮೊದಲ ಒಂದು ತಿಂಗಳು ದಿನಾ ಮೈ ತಿಕ್ಕಿ, ತೊಡೆ, ಕೆಚ್ಚಲು ಮುಟ್ಟಿ ಅಭ್ಯಾಸ ಮಾಡಿಸಿದರೆ ಈದ ಮೇಲೆ ಒದೆಯುವುದು ಕಡಿಮೆ. ಮೊಲೆಯಿಂದ ಹಾಲು ಮಾತ್ರ ಹಿಂಡಬೇಡಿ, ಗಿಣ್ಣು ಸೋರಿ ಹೋಗುತ್ತದೆ.

ಇನ್ನೊಂದು ಪ್ರಶ್ನೆ ನಿಮ್ಮ ಮನೆಯದು. ಬೆಳಿಗ್ಗೆ, ಸಂಜೆ ಹೊತ್ತಿಗೆ ಸರಿಯಾಗಿ ಕುಡಿಸಲು ಒಬ್ಬರು ಇರುತ್ತಾರೆಯೇ? ಬಾಟಲಿ ತೊಳೆಯಲು ದಿನಾ ಬಿಸಿನೀರು ಸಿಗುತ್ತದೆಯೇ? ಟೊಮೇಟೊ ಕೊಯ್ಲಿನ ದಿನ, ರೇಷ್ಮೆ ಹುಳು ಹಣ್ಣಾಗುವ ದಿನ ಯಾರು ನೋಡುತ್ತಾರೆ? ಇದಕ್ಕೆ ಉತ್ತರವಿಲ್ಲದಿದ್ದರೆ ಕರು ತಾಯಿಯ ಹತ್ತಿರವೇ ಸುಖವಾಗಿರುತ್ತದೆ.

ಮೊದಲ ಗಿಣ್ಣು ಕರುವಿಗೆ, ಆಮೇಲೆ ಬೀದಿಗೆ

ನಮ್ಮ ಮಕ್ಕಳಿಗೂ ಕರುಗಳಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಮನುಷ್ಯರ ಮಗು ಹೊಟ್ಟೆಯಲ್ಲಿದ್ದಾಗಲೇ ಮಾಸಿನ ಮೂಲಕ ತಾಯಿಯಿಂದ ರೋಗನಿರೋಧಕ ಶಕ್ತಿಯನ್ನು ಪಡೆದು ಹುಟ್ಟುತ್ತದೆ. ಹಸುವಿನ ಸತ್ತೆಯ ರಚನೆ ಬೇರೆ. ಅದರ ಮೂಲಕ ಈ ಶಕ್ತಿ ಕರುವಿಗೆ ದಾಟುವುದಿಲ್ಲ. ಆದ್ದರಿಂದ ಕರು ಹುಟ್ಟುವಾಗ ಬರಿಗೈ. ಅದಕ್ಕೆ ಸಿಗುವ ಮೊದಲ ಲಸಿಕೆ, ಮೊದಲ ಔಷಧ, ಮೊದಲ ಊಟ ಎಲ್ಲವೂ ಗಿಣ್ಣೇ.

ಆ ಗಿಣ್ಣಿಗೂ ಸಮಯವಿದೆ. ಹುಟ್ಟಿದ ಮೊದಲ ಗಂಟೆಗಳಲ್ಲಿ ಮಾತ್ರ ಕರುವಿನ ಕರುಳು ಗಿಣ್ಣಿನ ರಕ್ಷಕ ಅಂಶಗಳನ್ನು ಹಾಗೆಯೇ ರಕ್ತಕ್ಕೆ ಬಿಟ್ಟುಕೊಳ್ಳುತ್ತದೆ. ಗಂಟೆ ಕಳೆದಂತೆ ಬಾಗಿಲು ಮುಚ್ಚುತ್ತಾ ಬಂದು, ಒಂದು ದಿನವಾಗುವ ಹೊತ್ತಿಗೆ ಪೂರ್ತಿ ಮುಚ್ಚಿಕೊಳ್ಳುತ್ತದೆ. ಆಮೇಲೆ ಎಷ್ಟು ಗಿಣ್ಣು ಕುಡಿಸಿದರೂ ಹೊಟ್ಟೆ ತುಂಬುತ್ತದೆಯೇ ಹೊರತು ರಕ್ತಕ್ಕೆ ಆ ಶಕ್ತಿ ಸೇರುವುದಿಲ್ಲ.

ಆದ್ದರಿಂದ ಸತ್ತೆಗಾಗಿ ಕಾಯಬೇಡಿ. ಹಾಲು ಕರೆದರೆ ಸತ್ತೆ ಬೀಳಲು ಅಡ್ಡಿಯಾಗುವುದಿಲ್ಲ. ಕರೆಯುವಾಗ ಹಸುವಿನ ದೇಹದಲ್ಲಿ ಬಿಡುಗಡೆಯಾಗುವ ಆಕ್ಸಿಟೋಸಿನ್ ಗರ್ಭಕೋಶವನ್ನೂ ಹಿಂಡುತ್ತದೆ, ಸತ್ತೆ ಬೀಳಲು ಅದು ಸಹಾಯವೇ. ಸತ್ತೆ 12 ಗಂಟೆಯಾದರೂ ಬೀಳದಿದ್ದರೆ ನಮ್ಮನ್ನು ಕರೆಯಿರಿ. ಎಳೆಯುವುದು, ಕಲ್ಲು ಕಟ್ಟುವುದು ಬೇಡ.

ಗಿಣ್ಣಿಗಾಗಿ ಅಕ್ಕಪಕ್ಕದ ಮನೆಯವರು ಪಾತ್ರೆ ಹಿಡಿದು ಬರುವುದು ನಮ್ಮ ಕಡೆ ಇದ್ದದ್ದೇ. ಬೆಲ್ಲ ಏಲಕ್ಕಿ ಹಾಕಿದ ಗಿಣ್ಣು ನನಗೂ ಇಷ್ಟ. ಹಂಚಿ, ಬೇಡವೆನ್ನುವುದಿಲ್ಲ. ಆದರೆ ಮೊದಲ ಸಲ ಕರೆದದ್ದರಲ್ಲಿ ಕರುವಿನ ಪಾಲು ಎತ್ತಿಟ್ಟ ಮೇಲೆ ಹಂಚಿ. ಮೊದಲ ಗಿಣ್ಣೇ ಎಲ್ಲಕ್ಕಿಂತ ಗಟ್ಟಿ. ಎರಡನೆಯ, ಮೂರನೆಯ ಸಲದ್ದು ತೆಳುವಾಗುತ್ತಾ ಹೋಗುತ್ತದೆ. ಗಂಡು ಕರುವಾದರೂ ಇದೇ ನಿಯಮ. ಗಂಡು ಎಂದು ಗಿಣ್ಣು ತಪ್ಪಿಸಿದರೆ ಅದರ ಬೇಧಿ ಪಕ್ಕದಲ್ಲಿ ಕಟ್ಟಿದ ಹೆಣ್ಣು ಕರುವಿಗೂ ಹರಡುತ್ತದೆ.

ಎಷ್ಟು, ಯಾವಾಗ?

25ರಿಂದ 30 ಕಿಲೋ ತೂಗುವ ಮಿಶ್ರತಳಿ ಕರುವಿಗೆ ಈ ಲೆಕ್ಕ ನೆನಪಿಡಿ:

• ಹುಟ್ಟಿದ ಒಂದೆರಡು ಗಂಟೆಯೊಳಗೆ: 2ರಿಂದ 2.5 ಲೀಟರ್ ಗಿಣ್ಣು.
• 12 ಗಂಟೆಯೊಳಗೆ ಇನ್ನೊಮ್ಮೆ: 1.5ರಿಂದ 2 ಲೀಟರ್ ಗಿಣ್ಣು.
• 2ನೇ ದಿನದಿಂದ 4ನೇ ದಿನ: ದಿನಕ್ಕೆ ಸುಮಾರು 3 ಲೀಟರ್ ಗಿಣ್ಣು, ಮೂರು ಸಲವಾಗಿ.
• 5ನೇ ದಿನದಿಂದ ಎರಡು ತಿಂಗಳು: ದಿನಕ್ಕೆ 3 ಲೀಟರ್ ಹಾಲು, ಬೆಳಿಗ್ಗೆ, ಸಂಜೆ ಸಮ ಪಾಲು. ಮೊದಲ ವಾರ ಮೂರು ಸಲ ಕೊಟ್ಟರೆ ಒಳ್ಳೆಯದು.
• ಎರಡನೇ ವಾರದಿಂದ: ಕರುಗಳ ಪಶು ಆಹಾರ ಒಂದು ಹಿಡಿ, ಎಳೆಯ ಒಣಹುಲ್ಲು, ಸದಾ ಕುಡಿಯುವ ನೀರು.
• ಮೂರನೇ ತಿಂಗಳು: ಹಾಲನ್ನು ನಿಧಾನವಾಗಿ ಇಳಿಸುತ್ತಾ ಬನ್ನಿ. ಕರು ದಿನಕ್ಕೆ ಒಂದು ಕಿಲೋ ಹತ್ತಿರ ಆಹಾರ ತಿನ್ನಲು ಕಲಿತ ಮೇಲೆ ನಿಲ್ಲಿಸಿ.

ಗಿಣ್ಣು ಮಿಕ್ಕಿದರೆ ಶುಚಿಯಾದ ಬಾಟಲಿಯಲ್ಲಿ ಫ್ರಿಜ್ಜಿನ ಫ್ರೀಜರಿನಲ್ಲಿಡಿ. ಇನ್ನೊಬ್ಬರ ಮನೆಯಲ್ಲಿ ತಾಯಿ ಸತ್ತ ಕರುವಿಗೆ ಅದೇ ಪ್ರಾಣ. ಕರಗಿಸುವಾಗ ಒಲೆಯ ಮೇಲೆ ಇಡಬೇಡಿ, ಗಿಣ್ಣು ಒಡೆಯುತ್ತದೆ. ಬೆಚ್ಚಗಿನ ನೀರಿನ ಪಾತ್ರೆಯಲ್ಲಿ ಇಟ್ಟು ಕರಗಿಸಿ. ಗಿಣ್ಣೇ ಸಿಗದಿದ್ದಾಗ ಹಾಲಿಗೆ ಮೊಟ್ಟೆ, ಹರಳೆಣ್ಣೆ ಬೆರೆಸಿ ಕುಡಿಸುವ ಪದ್ಧತಿ ಇದೆ. ಅದು ಹೊಟ್ಟೆ ತುಂಬಿಸುತ್ತದೆ, ಗಿಣ್ಣಿನ ರಕ್ಷಣೆ ಕೊಡುವುದಿಲ್ಲ. ಅಂಥ ಕರುವಿದ್ದರೆ ಮೊದಲ ದಿನವೇ ನಮಗೆ ತಿಳಿಸಿ.

ಬಾಟಲಿ ಹಿಡಿಯುವ ರೀತಿ

ಕರು ಹುಟ್ಟಿದ ಕೂಡಲೇ ತಾಯಿ ನೆಕ್ಕಲಿ. ನೆಕ್ಕಿದರೆ ಮೈ ಒಣಗುತ್ತದೆ, ರಕ್ತ ಓಡಾಡುತ್ತದೆ. ಕಡಸು ಹತ್ತಿರ ಸೇರಿಸದಿದ್ದರೆ ಒಣ ಗೋಣಿಚೀಲದಿಂದ ನೀವೇ ಚೆನ್ನಾಗಿ ಉಜ್ಜಿ. ಹೊಕ್ಕುಳಿಗೆ ಟಿಂಚರ್ ಅಯೋಡಿನ್ ಹಚ್ಚಿ. ಆಮೇಲೆ ಕರುವನ್ನು ಒಣಹುಲ್ಲು ಹಾಸಿದ, ಗಾಳಿ ನೇರ ಬೀಸದ ಜಾಗಕ್ಕೆ ಸಾಗಿಸಿ. ಜೊತೆಗಿಟ್ಟಷ್ಟು ದಿನ ಬಿಡಿಸುವುದು ಕಷ್ಟವಾಗುತ್ತಾ ಹೋಗುತ್ತದೆ, ಎರಡಕ್ಕೂ.

ಹಾಲು ಕರೆದ ಬಿಸಿಯಲ್ಲೇ ಇರಬೇಕು. ತಣ್ಣಗಾಗಿದ್ದರೆ ಬಾಟಲಿಯನ್ನು ಬಿಸಿನೀರಿನಲ್ಲಿಟ್ಟು, ಕೈಯ ಒಳಭಾಗಕ್ಕೆ ಒಂದು ಹನಿ ಬಿಟ್ಟರೆ ಬೆಚ್ಚಗೆನಿಸುವಂತೆ ಮಾಡಿ. ರಬ್ಬರ್ ನಿಪ್ಪಲ್ ಇರುವ ಎರಡು ಲೀಟರ್ ಬಾಟಲಿ ಸಾಕು. ಬಾಟಲಿ ತಲೆಕೆಳಗು ಹಿಡಿದಾಗ ಹಾಲು ತೊಟ್ಟು ತೊಟ್ಟಾಗಿ ಬೀಳಬೇಕು, ಧಾರೆಯಾಗಿ ಸುರಿಯಬಾರದು. ಬೇಗ ಮುಗಿಯಲಿ ಎಂದು ಕೆಲವರು ಬ್ಲೇಡಿನಿಂದ ತೂತು ದೊಡ್ಡದು ಮಾಡುತ್ತಾರೆ. ದಯವಿಟ್ಟು ಬೇಡ. ಕರು ಚೀಪಲಾಗದಷ್ಟು ಹಾಲು ಬಂದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ.

ಕರು ನಿಂತಿರಲಿ, ಕತ್ತು ಸ್ವಲ್ಪ ಮುಂದಕ್ಕೆ ಚಾಚಿರಲಿ. ತಾಯಿಯ ಕೆಚ್ಚಲು ಎಷ್ಟು ಎತ್ತರದಲ್ಲಿರುತ್ತದೋ ಅಷ್ಟೇ ಎತ್ತರದಲ್ಲಿ ಬಾಟಲಿ ಹಿಡಿಯಿರಿ. ತಲೆಯನ್ನು ಆಕಾಶಕ್ಕೆ ಎತ್ತಿಸಬೇಡಿ. ಚೀಪುವಾಗ ಕರುವಿನ ಹೊಟ್ಟೆಯೊಳಗೆ ಒಂದು ಕಾಲುವೆ ಮುಚ್ಚಿಕೊಂಡು ಹಾಲು ನೇರವಾಗಿ ಕೊನೆಯ ಹೊಟ್ಟೆಗೆ ಹೋಗುತ್ತದೆ. ಚೀಪದೆ ಸುರಿದ ಹಾಲು ತಪ್ಪು ಹೊಟ್ಟೆಗೆ ಬಿದ್ದು ಹುಳಿಯುತ್ತದೆ. ಅದಕ್ಕೇ ಹೇಳುವುದು, ಗೊಟ್ಟದಲ್ಲಿ ಹಾಲು ಹೊಯ್ಯುವುದು ಯಾವತ್ತೂ ಬೇಡ. ಕರುವಿಗೆ ಚೀಪುವ ಶಕ್ತಿಯೇ ಇಲ್ಲದಿದ್ದರೆ ನಮಗೆ ಫೋನ್ ಮಾಡಿ, ನಾವು ನಳಿಕೆಯಿಂದ ಹೊಟ್ಟೆಗೇ ಕೊಡುತ್ತೇವೆ.

ಬಕೆಟ್ಟಿಗೆ ಕಲಿಸುವುದಾದರೆ ಕೈ ತೊಳೆದು ಎರಡು ಬೆರಳನ್ನು ಹಾಲಲ್ಲಿ ಅದ್ದಿ ಕರುವಿನ ಬಾಯಿಗೆ ಕೊಡಿ. ಅದು ಚೀಪತೊಡಗಿದಾಗ ಕೈಯನ್ನು ಮೆಲ್ಲಗೆ ಬಕೆಟ್ಟಿನ ಹಾಲಿಗೆ ಇಳಿಸಿ. ಮೂಗು ಮುಳುಗಬಾರದು. ಕುಡಿಯಲು ಶುರು ಮಾಡಿದ ಮೇಲೆ ಬೆರಳು ತೆಗೆಯಿರಿ. ಎರಡು ಮೂರು ದಿನಕ್ಕೆ ಕಲಿಯುತ್ತದೆ. ಎರಡು ಮೂರು ವಾರ ತಾಯಿಯ ಹತ್ತಿರ ಕುಡಿದ ಕರುವಾದರೆ ಹಟ ಹೆಚ್ಚು. ಅದಕ್ಕೆ ಚೆನ್ನಾಗಿ ಹಸಿವಾಗಲಿ, ತಾಯಿ ಕಾಣದ ಜಾಗದಲ್ಲಿ ಕುಡಿಸಿ. ತಾಯಿ ಎರಡು ಮೂರು ದಿನ ಕೂಗುತ್ತದೆ. ಆ ಕೂಗು ಕೇಳಲಾರದೆ ಒಂದು ಹೊತ್ತು ಬಿಟ್ಟು, ಮತ್ತೆ ಬಿಡಿಸಿದರೆ ಇಬ್ಬರಿಗೂ ನೋವು ಎರಡು ಸಲ.

ಕುಡಿಸಿದ ಕೂಡಲೇ ಬಾಟಲಿಯನ್ನು ಮೊದಲು ಉಗುರುಬೆಚ್ಚಗಿನ ನೀರಿನಲ್ಲಿ, ಆಮೇಲೆ ಸೋಪು ಹಾಕಿದ ಬಿಸಿನೀರಿನಲ್ಲಿ ಬ್ರಷ್ ಹಾಕಿ ತೊಳೆದು ಬಿಸಿಲಿಗೆ ಬೋರಲು ಹಾಕಿ. ಕೆಚ್ಚಲು ಬಾವಿನ ಹಾಲು, ಆಂಟಿಬಯಾಟಿಕ್ ಕೊಟ್ಟ ಹಸುವಿನ ಹಾಲು ಸಂಘಕ್ಕೂ ಬೇಡ, ಕರುವಿಗೂ ಬೇಡ. ಬೇಧಿಯಾದರೆ ಹಾಲು ನಿಲ್ಲಿಸಬೇಡಿ, ನಡುವೆ ಓಆರ್‌ಎಸ್ ನೀರು ಕೊಡುತ್ತಾ ನಮಗೆ ತಿಳಿಸಿ.

ಹಸು ಹಾಲು ಇಳಿಸಬೇಕಲ್ಲ?

ಇಲ್ಲಿ ನನ್ನದೇ ಒಂದು ಮಾತು ಹೇಳಬೇಕು. ನನ್ನ ಮಗಳಿಗೆ ಆರು ತಿಂಗಳಾದಾಗ ನಾನು ಕೆಲಸಕ್ಕೆ ಮರಳಿದೆ. ಅದಕ್ಕೆ ಕೆಲವು ದಿನ ಮೊದಲಿನಿಂದ ಎದೆಹಾಲನ್ನು ಪಂಪಿನಲ್ಲಿ ತೆಗೆದಿಡುವ ಅಭ್ಯಾಸ ಶುರು ಮಾಡಿದ್ದೆ. ಮೊದಲ ದಿನ ಇಪ್ಪತ್ತು ನಿಮಿಷ ಕೂತರೂ ಬಾಟಲಿಯ ತಳ ಮುಚ್ಚಲಿಲ್ಲ. ನನ್ನಲ್ಲಿ ಹಾಲೇ ಇಲ್ಲವೆಂದು ಅತ್ತುಬಿಟ್ಟೆ. ಮಗಳನ್ನು ಎತ್ತಿಕೊಂಡರೆ ಮಾತ್ರ ರವಿಕೆ ಒದ್ದೆಯಾಗುತ್ತಿತ್ತು!

ಕೆಲಸಕ್ಕೆ ಬಂದ ಮೇಲೆ ಒಂದು ದಿನ ಹಳ್ಳಿಯೊಂದರಲ್ಲಿ ಬರಡು ರಾಸುಗಳ ಶಿಬಿರ. ಎದೆ ಕಟ್ಟಿಕೊಂಡು ನಿಲ್ಲಲಾಗುತ್ತಿರಲಿಲ್ಲ. ಸಂಘದ ಹಿರಿಯ ಸದಸ್ಯೆಯೊಬ್ಬರು ನನ್ನ ಮುಖ ನೋಡಿಯೇ ತಿಳಿದುಕೊಂಡರು. ತಮ್ಮ ಮನೆಯ ಒಳಕೋಣೆಗೆ ಕರೆದುಕೊಂಡು ಹೋಗಿ, ಕುಡಿಯಲು ಬಿಸಿನೀರು ಕೊಟ್ಟು, "ಆತ್ರ ಬೀಳ್ಬೇಡಮ್ಮ. ಮಗೂನ ನೆನಸ್ಕ. ಹಸಾನೂ ಹಂಗೇ ತಾನೆ, ಹೆದರ್ಸಿದ್ರೆ ಹಾಲು ಇಳಿಸ್ತದಾ?" ಎಂದು ಹೇಳಿ ಬಾಗಿಲು ಮುಂದಕ್ಕೆಳೆದು ಹೋದರು. ಅವತ್ತು ಹಾಲು ಬಂತು. ಪುಸ್ತಕದಲ್ಲಿ ಓದಿ ನಿಮಗೆಲ್ಲ ಹೇಳಿಕೊಡುತ್ತಿದ್ದ ಪಾಠವನ್ನು ನನಗೇ ಅವರು ನೆನಪಿಸಿದರು.

ಹಸುವಿಗೂ ನಮಗೂ ಹಾಲು ಇಳಿಸುವ ಹಾರ್ಮೋನು ಒಂದೇ, ಆಕ್ಸಿಟೋಸಿನ್. ನೆಮ್ಮದಿಯಿದ್ದರೆ ಬರುತ್ತದೆ, ಭಯ, ನೋವು, ಗಲಾಟೆ ಇದ್ದರೆ ತಡೆಯುತ್ತದೆ. ಕರುವಿನ ಮೂತಿಯ ಗುದ್ದು ಮಾಡುತ್ತಿದ್ದ ಕೆಲಸವನ್ನು ಈಗ ನಿಮ್ಮ ಕೈ ಮಾಡಬೇಕು. ಉಗುರುಬೆಚ್ಚಗಿನ ನೀರಲ್ಲಿ ಕೆಚ್ಚಲು ತೊಳೆದು, ಒಣಬಟ್ಟೆಯಲ್ಲಿ ಒರೆಸಿ, ಸುಮಾರು ಒಂದು ನಿಮಿಷ ನೀವಿ. ತೊರೆ ಬಿಟ್ಟ ಮೇಲೆ ಏಳೆಂಟು ನಿಮಿಷದಲ್ಲಿ ಕರೆದು ಮುಗಿಸಿ. ಅಷ್ಟರ ಮೇಲೆ ಹಾರ್ಮೋನಿನ ಶಕ್ತಿ ಇಳಿಯುತ್ತದೆ. ಅದೇ ಹೊತ್ತು, ಅದೇ ಜಾಗ, ಆದಷ್ಟು ಅದೇ ಕೈ. ಮುಂದೆ ಒಂದಿಷ್ಟು ಹಿಂಡಿ ಬೂಸಾ ಇರಲಿ. ಯಂತ್ರವಿದ್ದರೆ ಅದೂ ಕರುವಿನ ಹಾಗೇ ಚೀಪಿ ಬಿಟ್ಟು, ಚೀಪಿ ಬಿಟ್ಟು ಎಳೆಯುವಂತೆ ಮಾಡಿದ್ದು. ಹಾಲು ನಿಂತ ಮೇಲೂ ಬಿಟ್ಟರೆ ಮೊಲೆ ತುದಿ ಗಾಯವಾಗುತ್ತದೆ.

ಹಾಲು ಇಳಿಸಲು ಯಾರೋ ತಂದು ಮಾರುವ ಚುಚ್ಚುಮದ್ದನ್ನು ಮಾತ್ರ ಮುಟ್ಟಬೇಡಿ. ಹಾಲು ಹೆಚ್ಚಿಸಲೆಂದು ಹಸುವಿನ ಆರೋಗ್ಯಕ್ಕೆ ಹಾನಿಯಾಗುವ ಚುಚ್ಚುಮದ್ದು ಹಾಕುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಒಮ್ಮೆ ಅಭ್ಯಾಸವಾದ ಹಸು ಚುಚ್ಚದೆ ಹಾಲೇ ಇಳಿಸುವುದಿಲ್ಲ.

ಎದೆಹಾಲು ತೆಗೆದಿಡುವ ತಾಯಂದಿರಿಗೆ

ಇದು ನನ್ನ ಇಲಾಖೆಯಲ್ಲ. ಆದರೆ ನಿಮ್ಮಲ್ಲಿ ಎಷ್ಟೋ ಎಳೆಯ ತಾಯಂದಿರು ನನ್ನ ಹತ್ತಿರ ಕೇಳುತ್ತೀರಿ. ಬಾಣಂತನ ಮುಗಿಸಿ ಕೊಯ್ಲಿಗೆ ಹೋಗುವ ದಿನ ಮಗುವಿಗೆ ನೀರು ಬೆರೆಸಿದ ಹಸುವಿನ ಹಾಲನ್ನು ಬಾಟಲಿಯಲ್ಲಿ ಕೊಡಿಸುವವರನ್ನು ನೋಡಿದ್ದೇನೆ. ಆರು ತಿಂಗಳವರೆಗೆ ಮಗುವಿಗೆ ಎದೆಹಾಲು ಬಿಟ್ಟು ನೀರೂ ಬೇಡ. ಒಂದು ವರ್ಷದೊಳಗೆ ಎದೆಹಾಲಿನ ಬದಲಿಗೆ ಹಸುವಿನ ಹಾಲು ಬೇಡ. ಹಾಲು ಮಾರಿ ಬದುಕುವ ನಾವೇ ಇದನ್ನು ಹೇಳಬೇಕು.

ಕೈ ತೊಳೆದು, ಕುದಿಸಿ ಒಣಗಿಸಿದ ಸ್ಟೀಲ್ ಬಟ್ಟಲಿಗೆ ಕೈಯಿಂದಲೇ ಎದೆಹಾಲು ತೆಗೆಯಬಹುದು, ಪಂಪು ಇರಲೇಬೇಕೆಂದಿಲ್ಲ. ಮುಚ್ಚಿ ತಂಪಾದ ಜಾಗದಲ್ಲಿಟ್ಟರೆ ನಾಲ್ಕು ಗಂಟೆ, ಫ್ರಿಜ್ಜಿನಲ್ಲಿಟ್ಟರೆ ಒಂದು ದಿನ ಇರುತ್ತದೆ. ಕುದಿಸಬೇಡಿ. ಬಟ್ಟಲನ್ನು ಬೆಚ್ಚಗಿನ ನೀರಿನಲ್ಲಿಟ್ಟು ಕೊಡಿ. ಕರುವಿಗೆ ಬಾಟಲಿ ಒಳ್ಳೆಯದು ಎಂದ ನಾನೇ ಮಗುವಿಗೆ ಬಾಟಲಿ ಬೇಡ ಎನ್ನುತ್ತೇನೆ. ನಮ್ಮ ಅಜ್ಜಿಯರ ಒಳಲೆ ತೊಳೆಯಲು ಸುಲಭ, ಮಗು ಎದೆ ಮರೆಯುವುದೂ ಇಲ್ಲ. ನನ್ನ ಮಗಳು ನಾನು ಬರುವವರೆಗೆ ಒಳಲೆಯಲ್ಲೇ ಕುಡಿದಳು. ಹೆಚ್ಚಿನದನ್ನು ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ. ಇನ್ನೊಂದು ಮಾತು: ಬಸುರಿ, ಬಾಣಂತಿಯರು ಸತ್ತೆಯನ್ನು ಕೈಯಲ್ಲಿ ಮುಟ್ಟಬೇಡಿ. ಬ್ರುಸೆಲ್ಲಾ ರೋಗ ಹಸುವಿನಿಂದ ಮನುಷ್ಯರಿಗೆ ಬರುವ ದಾರಿ ಅದು.

ಯಾರು ಎತ್ತಿಡುತ್ತಾರೆ?

ಕೊನೆಗೆ ಮುಖ್ಯವಾದ ಮಾತು. ಕರು ತಾಯಿಯ ಹತ್ತಿರ ಕುಡಿಯುವಾಗ ಅದರ ಪಾಲಿಗೆ ಒಬ್ಬ ಕಾವಲುಗಾರಳಿದ್ದಳು. ನೀವು ಎಷ್ಟೇ ಹಿಂಡಿದರೂ ಹಸು ಒಂದಿಷ್ಟನ್ನು ಮೇಲೆ ಉಳಿಸಿಕೊಂಡು, ಕರು ಬಂದಾಗ ಬಿಡುತ್ತಿತ್ತು. ಬಾಟಲಿಗೆ ಬಂದ ಮೇಲೆ ಆ ಕಾವಲು ಇಲ್ಲ. ಹಾಲೆಲ್ಲ ನಿಮ್ಮ ಪಾತ್ರೆಯಲ್ಲಿದೆ. ಟೊಮೇಟೊ ಬೆಲೆ ಬಿದ್ದ ವಾರ, ಮಕ್ಕಳ ಫೀಸು ಕಟ್ಟುವ ವಾರ, ಸಂಘದ ಕ್ಯಾನಿಗೆ ಇನ್ನೊಂದು ಲೀಟರ್ ಸೇರಿಸೋಣ ಎನಿಸುತ್ತದೆ. ಕರು ಬಾಯಿಬಿಟ್ಟು ಕೇಳುವುದಿಲ್ಲ. ಹಾಲಿಗೆ ನೀರು ಬೆರೆಸಿ ಕುಡಿಸಿದರೂ ಕುಡಿಯುತ್ತದೆ.

ಲೆಕ್ಕ ಹಾಕಿ. ಎರಡು ತಿಂಗಳು ದಿನಕ್ಕೆ 3 ಲೀಟರ್ ಎಂದರೆ 180 ಲೀಟರ್. ಮೂರನೇ ತಿಂಗಳು ಸರಾಸರಿ ಒಂದೂವರೆ ಲೀಟರ್ ಎಂದರೆ 45. ಒಟ್ಟು 225 ಲೀಟರ್. ನಿಮ್ಮ ಸಂಘದ ದರದಿಂದ ಗುಣಿಸಿ ನೋಡಿ. ಅದು ಆ ಕರುವಿಗೆ ನೀವು ಕೊಡುವ ಬಂಡವಾಳ. ಚೆನ್ನಾಗಿ ಕುಡಿದು ಬೆಳೆದ ಮಿಶ್ರತಳಿ ಕಡಸು ಒಂದೂವರೆ ವರ್ಷದ ಆಸುಪಾಸಿನಲ್ಲಿ ಬೆದೆಗೆ ಬಂದು, ಎರಡೂವರೆ ವರ್ಷದ ಹೊತ್ತಿಗೆ ಈಯುತ್ತದೆ. ಹೊಟ್ಟೆ ಕಟ್ಟಿ ಬೆಳೆಸಿದ್ದು ಮತ್ತೊಂದು ವರ್ಷ ಕಾಯಿಸುತ್ತದೆ. ಆ ಒಂದು ವರ್ಷದ ಮೇವು, ಆ ಒಂದು ಸೂಲಿನ ಹಾಲು ಎರಡೂ ನಷ್ಟ. ಸಂತೆಯಲ್ಲಿ ಹಸು ತರಲು ಹೋದರೆ ಎಷ್ಟು ಕೇಳುತ್ತಾರೆಂದು ನಿಮಗೆ ಗೊತ್ತೇ ಇದೆ.

ನಾನು ಮೊದಲು ಹೇಳಿದ ಆ ಅಕ್ಕ ಒಂದು ಉಪಾಯ ಮಾಡಿದ್ದಾರೆ. ಕೊಟ್ಟಿಗೆಯ ಗೂಡಿನಲ್ಲಿ ಒಂದೂವರೆ ಲೀಟರಿಗೆ ಗೆರೆ ಎಳೆದ ಒಂದು ಸ್ಟೀಲ್ ಚೊಂಬು ಇಟ್ಟಿದ್ದಾರೆ. ಹಾಲು ಕರೆದ ಕೂಡಲೇ ಮೊದಲು ಆ ಚೊಂಬು ತುಂಬಬೇಕು, ಆಮೇಲೆ ಮಿಕ್ಕಿದ್ದು ಸಂಘಕ್ಕೆ. ಕರೆಯುವವರು ಅವರಾಗಲಿ, ಗಂಡನಾಗಲಿ, ಸೊಸೆಯಾಗಲಿ, ನಿಯಮ ಒಂದೇ. "ಹೋದ ವರ್ಷದ ಕರೂಗೆ ನಾವು ಕೊಡ್ಲಿಲ್ಲ, ಇದಕ್ಕಾದ್ರೂ ಕೊಡಾಣ" ಎಂದರು.

ನಿಮ್ಮ ಕೊಟ್ಟಿಗೆಯಲ್ಲೂ ಅಂಥದೊಂದು ಚೊಂಬು ಇರಲಿ. ಮುಂದಿನ ವಾರವೇ ಹಸು ಈಯುವುದಿದ್ದರೆ ನಿಪ್ಪಲ್ ಬಾಟಲಿ, ಟಿಂಚರ್ ಅಯೋಡಿನ್, ಒಣ ಗೋಣಿಚೀಲ ಈಗಲೇ ಹೊಂದಿಸಿಡಿ. ಅನುಮಾನವಿದ್ದರೆ ಸಂಘದ ಕಾರ್ಯದರ್ಶಿಯ ಮೂಲಕ ನಮಗೆ ತಿಳಿಸಿ, ತುರ್ತು ಇದ್ದರೆ ಪಶು ಸಂಜೀವಿನಿಯ 1962ಕ್ಕೆ ಕರೆ ಮಾಡಿ. ಬೆಳಗಿನ ಜಾವ ಫೋನ್ ಮಾಡಲು ಸಂಕೋಚ ಬೇಡ. ಕರು ಹುಟ್ಟಿ ಅರ್ಧ ಗಂಟೆಯಲ್ಲಿ ಬರುವ ಫೋನು ನನಗೆ ಯಾವತ್ತೂ ತೊಂದರೆಯಲ್ಲ.

ಪಶುವೈದ್ಯಾಧಿಕಾರಿ